ಕರಗಿದ ಪ್ರೊಟೀನು ಗರಣೆಗಟ್ಟುವುದೇಕೆ? ಶುದ್ಧೀಕರಣ, ಡಯಾಲಿಸಿಸ್ ವೇಳೆ ತಡೆಯುವ ಬಗೆ

ಚಿತ್ರದುರ್ಗ: ಚಳ್ಳಕೆರೆಯ ಎಣ್ಣೆ ಗಿರಣಿಗಳಿಂದ ಎರಡು ಪದಾರ್ಥಗಳು ಹೊರಬರುತ್ತವೆ. ಒಂದು ಶೇಂಗಾ ಎಣ್ಣೆ, ಇನ್ನೊಂದು ಶೇಂಗಾ ಹಿಂಡಿ. ಎಣ್ಣೆಯ ದರ ಏರಿದರೂ ಇಳಿದರೂ ಸುದ್ದಿಯಾಗುತ್ತದೆ. ಹಿಂಡಿ ಮಾತ್ರ ದನಗಳ ಆಹಾರವಾಗಿಯೋ ಹೊಲದ ಗೊಬ್ಬರವಾಗಿಯೋ ಸದ್ದಿಲ್ಲದೆ ಸಾಗಿಹೋಗುತ್ತದೆ. ಆದರೆ ಶೇಂಗಾದ ಪ್ರೊಟೀನೆಲ್ಲ ಉಳಿಯುವುದು ಈ ಹಿಂಡಿಯಲ್ಲೇ. ಅದರ ತೂಕದಲ್ಲಿ ಅರ್ಧಕ್ಕೆ ಸಮೀಪದಷ್ಟು ಪಾಲು ಪ್ರೊಟೀನಿನದು.

ಈ ಪ್ರೊಟೀನನ್ನು ಬೇರ್ಪಡಿಸಿ ಶುದ್ಧಗೊಳಿಸಲು ಹೊರಟವರಿಗೆ ಮೊದಲು ಎದುರಾಗುವ ಸಮಸ್ಯೆಯೊಂದಿದೆ. ಎಣ್ಣೆ ತೆಗೆದ ಶೇಂಗಾ ಹಿಟ್ಟನ್ನು ಉಪ್ಪುನೀರಿನಲ್ಲಿ ಕಲಸಿ, ಶೋಧಿಸಿದರೆ ತಿಳಿಯಾದ ದ್ರಾವಣ ದೊರೆಯುತ್ತದೆ. ಉಪ್ಪನ್ನು ತೆಗೆದುಹಾಕಲೆಂದು ಆ ದ್ರಾವಣವನ್ನು ತೆಳುಪೊರೆಯ ಚೀಲಕ್ಕೆ ತುಂಬಿ, ಶುದ್ಧ ನೀರಿನಲ್ಲಿ ಇಳಿಬಿಟ್ಟರೆ, ಬೆಳಗಾಗುವಷ್ಟರಲ್ಲಿ ಚೀಲದ ತಳದಲ್ಲಿ ಬಿಳಿಯ ಗಸಿ ಕುಳಿತಿರುತ್ತದೆ. ಕರಗಿದ್ದ ಪ್ರೊಟೀನು ನೀರಿನಿಂದ ಹೊರಬಿದ್ದು ಗರಣೆಗಟ್ಟಿರುತ್ತದೆ. ರಸಾಯನಶಾಸ್ತ್ರದ ಪಠ್ಯಗಳಲ್ಲಿ ಇದಕ್ಕೆ ಪ್ರಕ್ಷೇಪ ಎಂದು ಹೆಸರು.

ಕಾಲೇಜಿನ ಜೀವರಸಾಯನ ಪ್ರಯೋಗಾಲಯದಲ್ಲಿ ಇದರಿಂದ ವಿದ್ಯಾರ್ಥಿಯ ಒಂದು ಸೆಮಿಸ್ಟರಿನ ಶ್ರಮ ವ್ಯರ್ಥವಾಗಬಹುದು. ಔಷಧ ಕಾರ್ಖಾನೆಯಲ್ಲಿ ಇದೇ ಸಂಭವಿಸಿದರೆ ಒಂದಿಡೀ ತಂಡದ ಇನ್ಸುಲಿನ್ ಚರಂಡಿ ಪಾಲಾಗಬಹುದು. ಮನೆಯ ಫ್ರಿಜ್ಜಿನಲ್ಲಿ ಸಂಭವಿಸಿದರೆ ಮಧುಮೇಹಿಯೊಬ್ಬರಿಗೆ ಆ ದಿನದ ಔಷಧ ಕೈಕೊಡಬಹುದು. ಮೂರೂ ಕಡೆ ನಡೆಯುವುದು ಒಂದೇ ಬಗೆಯ ಕ್ರಿಯೆ. ಅದರ ಕಾರಣ ಮತ್ತು ಪರಿಹಾರಗಳ ವಿವರ ಇಲ್ಲಿದೆ.

ಏನಿದು ಡಯಾಲಿಸಿಸ್?

ಡಯಾಲಿಸಿಸ್ ಎಂದೊಡನೆ ಓದುಗರಿಗೆ ನೆನಪಾಗುವುದು ಮೂತ್ರಪಿಂಡ ವೈಫಲ್ಯ ಮತ್ತು ಆಸ್ಪತ್ರೆಯ ಯಂತ್ರ. ವಾಸ್ತವದಲ್ಲಿ ಈ ಪದ ಆಸ್ಪತ್ರೆಗೆ ಬರುವ ಮೊದಲೇ ಪ್ರಯೋಗಾಲಯದಲ್ಲಿತ್ತು. ಸ್ಕಾಟ್ಲೆಂಡಿನ ರಸಾಯನ ವಿಜ್ಞಾನಿ ಥಾಮಸ್ ಗ್ರಹಾಂ 1861ರಲ್ಲಿ ಇದನ್ನು ಬಳಕೆಗೆ ತಂದರು. ಉಪ್ಪು, ಸಕ್ಕರೆಗಳಂತಹ ಸಣ್ಣ ಅಣುಗಳು ತೆಳುಪೊರೆಯನ್ನು ದಾಟುತ್ತವೆ, ಅಂಟಿನಂತಹ ದೊಡ್ಡ ಅಣುಗಳು ದಾಟಲಾರವು ಎಂಬುದನ್ನು ಅವರು ಗುರುತಿಸಿದ್ದರು. ಡಚ್ ವೈದ್ಯ ವಿಲ್ಲೆಮ್ ಕೋಲ್ಫ್ 1943ರಲ್ಲಿ ಸೆಲ್ಲೋಫೇನ್ ಕೊಳವೆಗಳನ್ನು ಬಳಸಿ ಇದೇ ತತ್ವವನ್ನು ರೋಗಿಯ ರಕ್ತಕ್ಕೆ ಅನ್ವಯಿಸಿದರು. ಆಸ್ಪತ್ರೆಯಲ್ಲಿ ಯೂರಿಯಾ ಹೊರಹೋಗಿ ರಕ್ತದ ಪ್ರೊಟೀನು ಒಳಗೆ ಉಳಿಯುವಂತೆ, ಪ್ರಯೋಗಾಲಯದಲ್ಲಿ ಬೇಡವಾದ ಲವಣ ಹೊರಹೋಗಿ ಬೇಕಾದ ಪ್ರೊಟೀನು ಚೀಲದೊಳಗೆ ಉಳಿಯುತ್ತದೆ.

ಪ್ರೊಟೀನು ಶುದ್ಧೀಕರಣದ ಸಾಮಾನ್ಯ ಹಾದಿ ಹೀಗಿದೆ. ಮೊದಲು ಬೀಜ, ಅಂಗಾಂಶ ಅಥವಾ ಸೂಕ್ಷ್ಮಜೀವಿಗಳನ್ನು ಅರೆದು ಬಫರ್ ದ್ರಾವಣದಲ್ಲಿ ಪ್ರೊಟೀನನ್ನು ಕರಗಿಸುತ್ತಾರೆ. ಸೆಂಟ್ರಿಫ್ಯೂಜ್ ಯಂತ್ರದಲ್ಲಿ ವೇಗವಾಗಿ ತಿರುಗಿಸಿ ಕಸ ತೆಗೆಯುತ್ತಾರೆ. ಅಮೋನಿಯಂ ಸಲ್ಫೇಟ್ ಬೆರೆಸಿ ಪ್ರೊಟೀನುಗಳನ್ನು ಗುಂಪುಗುಂಪಾಗಿ ಕೆಳಗಿಳಿಸುತ್ತಾರೆ. ಬೇಕಾದ ಗುಂಪನ್ನು ಮತ್ತೆ ಕರಗಿಸಿ, ಡಯಾಲಿಸಿಸ್ ಮೂಲಕ ಲವಣ ತೆಗೆದು, ಕೊನೆಗೆ ಕಾಲಮ್‌ಗಳಲ್ಲಿ ಹರಿಸಿ ಒಂದೇ ಪ್ರೊಟೀನನ್ನು ಬಿಡಿಸಿಕೊಳ್ಳುತ್ತಾರೆ. ಇಲ್ಲಿ ಸಲ್ಫೇಟ್ ಹಂತದಲ್ಲಿ ಪ್ರೊಟೀನು ಕೆಳಗಿಳಿಯುವುದು ನಮ್ಮ ಇಚ್ಛೆಯಂತೆ. ಡಯಾಲಿಸಿಸ್ ಹಂತದಲ್ಲಿ ಇಳಿದರೆ ಅದು ನಮ್ಮ ಇಚ್ಛೆಗೆ ವಿರುದ್ಧ.

ಪ್ರೊಟೀನು ಕರಗಿರುವುದು ಹೇಗೆ?

ಪ್ರೊಟೀನು ಎಂದರೆ ಅಮೈನೋ ಆಮ್ಲಗಳ ಉದ್ದನೆಯ ಸರಪಣಿ. ಈ ಸರಪಣಿ ತನ್ನದೇ ರೀತಿಯಲ್ಲಿ ಮಡಚಿಕೊಂಡು ಉಂಡೆಯಾಗುತ್ತದೆ. ನೀರನ್ನು ಒಲ್ಲದ ಭಾಗಗಳು ಒಳಗೆ ಅಡಗುತ್ತವೆ. ನೀರಿಗೆ ಒಗ್ಗುವ, ಧನ ಅಥವಾ ಋಣ ವಿದ್ಯುದಂಶವುಳ್ಳ ಭಾಗಗಳು ಹೊರಮೈಯಲ್ಲಿರುತ್ತವೆ. ಹೊರಮೈಯ ಸುತ್ತ ನೀರಿನ ಅಣುಗಳು ಕವಚದಂತೆ ನಿಲ್ಲುತ್ತವೆ. ಒಂದೇ ಬಗೆಯ ವಿದ್ಯುದಂಶವುಳ್ಳ ಅಣುಗಳು ಪರಸ್ಪರ ದೂರ ತಳ್ಳುವುದರಿಂದ ಪ್ರೊಟೀನುಗಳು ಒಂದಕ್ಕೊಂದು ಅಂಟಿಕೊಳ್ಳುವುದಿಲ್ಲ. ಈ ಕವಚ ಕಳಚಿದರೆ, ಈ ತಳ್ಳಾಟ ನಿಂತರೆ, ಅಥವಾ ಉಂಡೆಯೇ ಬಿಚ್ಚಿಕೊಂಡರೆ ಅಣುಗಳು ಗುಂಪುಗೂಡುತ್ತವೆ. ಗುಂಪು ಬೆಳೆದು ಕಣ್ಣಿಗೆ ಕಾಣುವಷ್ಟಾದಾಗ ದ್ರಾವಣ ಮಬ್ಬಾಗುತ್ತದೆ.

ಅಡುಗೆಮನೆಯಲ್ಲಿ ಇದರ ಎರಡು ಮಾದರಿಗಳು ನಿತ್ಯವೂ ಕಾಣಸಿಗುತ್ತವೆ. ಹೆಪ್ಪು ಹಾಕಿದ ಹಾಲಿನಲ್ಲಿ ಬ್ಯಾಕ್ಟೀರಿಯಾಗಳು ಲ್ಯಾಕ್ಟಿಕ್ ಆಮ್ಲ ಉತ್ಪಾದಿಸುತ್ತವೆ. ಹಾಲಿನ ಪಿಎಚ್ 4.6ರ ಸಮೀಪಕ್ಕೆ ಇಳಿದಾಗ ಕೇಸೀನ್ ಎಂಬ ಪ್ರೊಟೀನು ಗಟ್ಟಿಯಾಗಿ ಮೊಸರಾಗುತ್ತದೆ. ಇದು ವಿದ್ಯುದಂಶ ಅಳಿದು ಆದ ಗರಣೆ. ಇನ್ನೊಂದು ಮಾದರಿ ಬೇಯಿಸಿದ ಮೊಟ್ಟೆ. ಅಲ್ಲಿ ಕಾವಿನಿಂದ ಪ್ರೊಟೀನಿನ ಉಂಡೆಯೇ ಬಿಚ್ಚಿ, ಸರಪಣಿಗಳು ಒಂದಕ್ಕೊಂದು ಸಿಕ್ಕಿಬಿದ್ದಿರುತ್ತವೆ. ಬೆಂದ ಮೊಟ್ಟೆಯನ್ನು ಎಷ್ಟು ತಣ್ಣಗಾಗಿಸಿದರೂ ಲೋಳೆ ಮರಳಿ ಬಾರದು.

ಈ ಭೇದ ಮುಖ್ಯ. ಆಕಾರ ಕೆಡದೆ ಕೆಳಗಿಳಿದ ಪ್ರೊಟೀನನ್ನು ತಕ್ಕ ದ್ರಾವಣದಲ್ಲಿ ಮತ್ತೆ ಕರಗಿಸಬಹುದು. ಆಕಾರ ಕೆಟ್ಟು ಗರಣೆಗಟ್ಟಿದ್ದನ್ನು ಸಾಮಾನ್ಯವಾಗಿ ಉಳಿಸಿಕೊಳ್ಳಲಾಗದು.

ತೊಂದರೆ ಎಲ್ಲೆಲ್ಲಿ?

ಮೊದಲನೆಯದು ಪಿಎಚ್. ಪ್ರತಿಯೊಂದು ಪ್ರೊಟೀನಿಗೂ ಅದರ ಒಟ್ಟು ವಿದ್ಯುದಂಶ ಸೊನ್ನೆಯಾಗುವ ಒಂದು ಪಿಎಚ್ ಇರುತ್ತದೆ. ಇದನ್ನು ಸಮವಿದ್ಯುತ್ ಬಿಂದು ಎನ್ನುತ್ತಾರೆ. ಆ ಬಿಂದುವಿನಲ್ಲಿ ತಳ್ಳಾಟ ಇಲ್ಲವಾಗಿ ಕರಗುವಿಕೆ ಅತ್ಯಂತ ಕಡಿಮೆಯಾಗುತ್ತದೆ. ಡಯಾಲಿಸಿಸ್ ಬಫರಿನ ಪಿಎಚ್ ಆ ಬಿಂದುವಿಗೆ ಹತ್ತಿರವಿದ್ದರೆ ಗಸಿ ಖಚಿತ ಎಂದೇ ಭಾವಿಸಬಹುದು.

ಎರಡನೆಯದು ಲವಣ. ಪ್ರಾಗ್‌ನಲ್ಲಿದ್ದ ಫ್ರಾನ್ಜ್ ಹೋಫ್‌ಮೈಸ್ಟರ್ 1888ರಲ್ಲಿ ವಿವಿಧ ಲವಣಗಳು ಮೊಟ್ಟೆಯ ಪ್ರೊಟೀನನ್ನು ಕೆಳಗಿಳಿಸುವ ಸಾಮರ್ಥ್ಯವನ್ನು ಹೋಲಿಸಿ ನೋಡಿದರು. ಸಲ್ಫೇಟಿನಂತಹ ಲವಣಗಳು ಹೆಚ್ಚಾದಾಗ ನೀರನ್ನು ತಮ್ಮತ್ತ ಸೆಳೆದು ಪ್ರೊಟೀನನ್ನು ಹೊರಹಾಕುತ್ತವೆ. ಲವಣ ತೀರಾ ಕಡಿಮೆಯಾದರೂ ಅಪಾಯವೇ. ಗ್ಲೋಬ್ಯುಲಿನ್ ವರ್ಗದ ಪ್ರೊಟೀನುಗಳು ಕರಗಿರಲು ಸ್ವಲ್ಪ ಲವಣ ಬೇಕೇ ಬೇಕು. ಅವುಗಳ ಮೈಮೇಲಿನ ವಿರುದ್ಧ ವಿದ್ಯುದಂಶಗಳು ಪರಸ್ಪರ ಸೆಳೆಯದಂತೆ ಲವಣದ ಅಯಾನುಗಳು ನಡುವೆ ನಿಂತು ತಡೆಯುತ್ತವೆ. ಡಯಾಲಿಸಿಸ್ ಈ ತಡೆಗೋಡೆಯನ್ನೇ ಕೆಡವಿಬಿಡುತ್ತದೆ.

ಮೂರನೆಯದು ಸಾಂದ್ರತೆ. ಪ್ರತಿ ಮಿಲಿಲೀಟರಿಗೆ 1 ಮಿಲಿಗ್ರಾಂ ಇದ್ದಾಗ ತಿಳಿಯಾಗಿರುವ ಪ್ರೊಟೀನು 10 ಮಿಲಿಗ್ರಾಂ ಆದಾಗ ಮಬ್ಬಾಗಬಹುದು. ನಾಲ್ಕನೆಯದು ಉಷ್ಣತೆ. ಐದನೆಯದು ಆಧಾರವಾಗಿದ್ದ ಸಣ್ಣ ಅಣುಗಳ ನಷ್ಟ. ಕೆಲವು ಪ್ರೊಟೀನುಗಳಿಗೆ ಕ್ಯಾಲ್ಸಿಯಂ, ಮ್ಯಾಂಗನೀಸ್, ಸತು ಮುಂತಾದ ಲೋಹದ ಅಯಾನುಗಳು ಆಧಾರಗಂಬಗಳಿದ್ದಂತೆ. ಉಪ್ಪಿನ ಜೊತೆ ಅವೂ ಪೊರೆ ದಾಟಿ ಹೋದರೆ ಪ್ರೊಟೀನಿನ ಆಕಾರ ಸಡಿಲಗೊಳ್ಳುತ್ತದೆ. ಆರನೆಯದು ಗಾಳಿ. ಗಂಧಕವುಳ್ಳ ಸಿಸ್ಟೀನ್ ಭಾಗಗಳು ಆಮ್ಲಜನಕದ ಸಂಪರ್ಕಕ್ಕೆ ಬಂದು ಒಂದು ಅಣುವನ್ನು ಇನ್ನೊಂದಕ್ಕೆ ಕಟ್ಟಿಹಾಕುತ್ತವೆ. ಜೋರಾಗಿ ಕಲಕಿ ನೊರೆ ಎಬ್ಬಿಸಿದರೆ ನೊರೆಯ ಮೇಲ್ಮೈಯಲ್ಲಿ ಪ್ರೊಟೀನು ಬಿಚ್ಚಿಕೊಳ್ಳುವುದೂ ಉಂಟು.

ಶೇಂಗಾ ಕಲಿಸುವ ಪಾಠ

ಶೇಂಗಾದ ಮುಖ್ಯ ಪ್ರೊಟೀನುಗಳಾದ ಅರಾಚಿನ್ ಮತ್ತು ಕೊನರಾಚಿನ್‌ಗಳನ್ನು ಅಮೆರಿಕದ ಜಾನ್ಸ್ ಮತ್ತು ಜೋನ್ಸ್ ಎಂಬ ವಿಜ್ಞಾನಿಗಳು 1916ರಲ್ಲಿ ವಿವರಿಸಿದರು. ಎರಡೂ ಗ್ಲೋಬ್ಯುಲಿನ್ ವರ್ಗಕ್ಕೆ ಸೇರಿದವು. ಹಾಗಾಗಿ ಉಪ್ಪುನೀರಿನಲ್ಲಿ ಕರಗಿ, ಉಪ್ಪಿಲ್ಲದ ನೀರಿನಲ್ಲಿ ಕೆಳಗಿಳಿಯುವುದು ಅವುಗಳ ಸಹಜ ಗುಣ. ಇನ್ನೊಂದು ವಿಶೇಷವೂ ಇದೆ. ಪ್ರೊಟೀನನ್ನು ತಂಪಿನಲ್ಲಿಟ್ಟರೆ ಸುರಕ್ಷಿತ ಎಂಬುದು ಪ್ರಯೋಗಾಲಯದ ಸಾಮಾನ್ಯ ನಿಯಮ. ಆದರೆ ಅರಾಚಿನ್ ತಂಪಿನಲ್ಲೇ ಕೆಳಗಿಳಿಯುತ್ತದೆ. ಈ ಗುಣವನ್ನೇ ಬಳಸಿ ಅದನ್ನು ಬೇರ್ಪಡಿಸುವ ವಿಧಾನವೂ ರೂಢಿಯಲ್ಲಿದೆ. ಎಲ್ಲ ಪ್ರೊಟೀನಿಗೂ ಒಂದೇ ಮದ್ದಿಲ್ಲ ಎಂಬುದಕ್ಕೆ ಇದಕ್ಕಿಂತ ಹತ್ತಿರದ ನಿದರ್ಶನ ನಮ್ಮ ಜಿಲ್ಲೆಗೆ ಬೇಕಿಲ್ಲ.

ಮೈಸೂರಿನಲ್ಲಿ 1950ರಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾ ಸಂಸ್ಥೆ, ಅಂದರೆ ಸಿಎಫ್‌ಟಿಆರ್‌ಐ, ಶೇಂಗಾ ಪ್ರೊಟೀನಿನ ಬಗ್ಗೆ ದೀರ್ಘಕಾಲ ಕೆಲಸ ಮಾಡಿದೆ. ಹಾಲಿನ ಕೊರತೆಯಿದ್ದ ಕಾಲದಲ್ಲಿ ಶೇಂಗಾ ಪ್ರೊಟೀನು ಬೆರೆಸಿ ಹಾಲನ್ನು ಹಿಗ್ಗಿಸುವ ‘ಮಿಲ್ಟೋನ್’ ಎಂಬ ಪಾನೀಯ ಅಲ್ಲಿಯೇ ರೂಪುಗೊಂಡಿತು. ಇಂತಹ ಪ್ರೊಟೀನನ್ನು ತಯಾರಿಸುವ ಸಾಮಾನ್ಯ ಕ್ರಮದಲ್ಲಿ ಶೇಂಗಾ ಹಿಟ್ಟನ್ನು ತುಸು ಕ್ಷಾರೀಯ ನೀರಿನಲ್ಲಿ ಕರಗಿಸಿ, ನಾರು ತೆಗೆದು, ಆಮ್ಲ ಸೇರಿಸಿ ಪಿಎಚ್ ಅನ್ನು 4.5ರ ಆಸುಪಾಸಿಗೆ ತರಲಾಗುತ್ತದೆ. ಆಗ ಪ್ರೊಟೀನು ಮೊಸರಿನಂತೆ ಕೆಳಗಿಳಿಯುತ್ತದೆ. ಪ್ರಯೋಗಾಲಯದಲ್ಲಿ ಶಾಪವಾದದ್ದು ಇಲ್ಲಿ ವರ.

ಆದರೆ ಗಿರಣಿಯ ಹಿಂಡಿಯೆಲ್ಲ ಈ ಕೆಲಸಕ್ಕೆ ಒದಗುವುದಿಲ್ಲ. ಎಕ್ಸ್‌ಪೆಲ್ಲರ್ ಯಂತ್ರದ ಒತ್ತಡ ಮತ್ತು ಕಾವಿನಲ್ಲಿ ಪ್ರೊಟೀನು ಬೆಂದು ಕರಗುವ ಗುಣವನ್ನು ಬಹುಮಟ್ಟಿಗೆ ಕಳೆದುಕೊಂಡಿರುತ್ತದೆ. ಬೂಷ್ಟು ಹಿಡಿದ ಕಾಳಿನಿಂದ ಬರುವ ಅಫ್ಲಾಟಾಕ್ಸಿನ್ ಎಂಬ ವಿಷದ ಭಯ ಬೇರೆ. ಮನುಷ್ಯರ ಆಹಾರಕ್ಕೆ ಯೋಗ್ಯವಾದ ಪ್ರೊಟೀನು ಬೇಕಾದರೆ ಆರಿಸಿದ ಶುದ್ಧ ಕಾಳು, ಕಡಿಮೆ ಕಾವಿನಲ್ಲಿ ತೆಗೆದ ಎಣ್ಣೆ ಎರಡೂ ಅಗತ್ಯ. ಹಿಂಡಿಗೆ ಮೇವಿನ ಬೆಲೆಯೋ ಆಹಾರದ ಬೆಲೆಯೋ ಎಂಬುದು ಗಿರಣಿಯ ಕಾವಿನಲ್ಲೇ ನಿರ್ಧಾರವಾಗಿಬಿಡುತ್ತದೆ.

ಶೇಂಗಾದಲ್ಲಿ ಅಲ್ಪ ಪ್ರಮಾಣದಲ್ಲಿರುವ ಲೆಕ್ಟಿನ್ ಎಂಬ ಇನ್ನೊಂದು ಪ್ರೊಟೀನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹೆಸರು ಪಡೆಯಿತು. ಎಂ. ವಿಜಯನ್ (1941–2022) ಮತ್ತು ಸಂಗಡಿಗರು 1994ರಲ್ಲಿ ಅದರ ಆಕಾರವನ್ನು ಪ್ರಕಟಿಸಿದರು. ನಾಲ್ಕು ಉಪಘಟಕಗಳು ಅದುವರೆಗೆ ನಿರೀಕ್ಷಿಸಿರದ ರೀತಿಯಲ್ಲಿ ಜೋಡಣೆಗೊಂಡಿರುವುದು ಅದರಿಂದ ತಿಳಿದುಬಂತು. ಇಂತಹ ಅಧ್ಯಯನಕ್ಕೆ ಪ್ರೊಟೀನಿನ ಹರಳು ಬೇಕು. ಹರಳುಗಟ್ಟುವಿಕೆಯೂ ಒಂದು ಬಗೆಯಲ್ಲಿ ಪ್ರಕ್ಷೇಪವೇ. ಆದರೆ ಅಣುಗಳು ನುಗ್ಗಾಡದೆ ಸಾಲಾಗಿ ಕೂರುವಷ್ಟು ನಿಧಾನವಾಗಿ ಅದು ನಡೆಯಬೇಕು. ದ್ವಿದಳ ಧಾನ್ಯಗಳ ಲೆಕ್ಟಿನ್‌ಗಳು ಕ್ಯಾಲ್ಸಿಯಂ ಮತ್ತು ಮ್ಯಾಂಗನೀಸ್ ಅಯಾನುಗಳನ್ನು ಹಿಡಿದಿರುತ್ತವೆ. ಆದ್ದರಿಂದ ಇವುಗಳ ಡಯಾಲಿಸಿಸ್ ಬಫರಿಗೆ ಲೋಹವನ್ನು ಸೆಳೆದುಕೊಳ್ಳುವ ಇಡಿಟಿಎ ಸೇರಿಸುವ ಮುನ್ನ ಎರಡು ಬಾರಿ ಯೋಚಿಸಬೇಕು.

ಇದೇ ವಿಜ್ಞಾನ ಸಂಸ್ಥೆಯ ಎರಡನೆಯ ಆವರಣ ಚಳ್ಳಕೆರೆ ತಾಲ್ಲೂಕಿನ ಕುದಾಪುರದ ಬಳಿ ಇದೆ. ಅಲ್ಲಿನ ಪ್ರತಿಭಾ ಅಭಿವೃದ್ಧಿ ಕೇಂದ್ರದಲ್ಲಿ ವಿಜ್ಞಾನ ಶಿಕ್ಷಕರಿಗೆ ಪ್ರಯೋಗ ಸಹಿತ ತರಬೇತಿ ನೀಡಲಾಗುತ್ತಿದೆ. ಶೇಂಗಾ ಹೊಲಗಳ ನಡುವಿನ ಜಿಲ್ಲೆಯಲ್ಲಿ ಪ್ರೊಟೀನಿನ ಪಾಠಕ್ಕೆ ಕಚ್ಚಾವಸ್ತುವಿನ ಕೊರತೆಯಂತೂ ಇಲ್ಲ.

ತಡೆಯುವ ಕ್ರಮಗಳು

ಸಮವಿದ್ಯುತ್ ಬಿಂದು ತಿಳಿಯಿರಿ: ಅಮೈನೋ ಆಮ್ಲಗಳ ಕ್ರಮ ಗೊತ್ತಿದ್ದರೆ ಗಣಕಯಂತ್ರದಲ್ಲಿ ಕ್ಷಣಾರ್ಧದಲ್ಲಿ ಈ ಬಿಂದುವನ್ನು ಅಂದಾಜಿಸಬಹುದು. ಬಫರಿನ ಪಿಎಚ್ ಆ ಬಿಂದುವಿನಿಂದ ಕನಿಷ್ಠ 1 ಅಂಕಿಯಷ್ಟು ಮೇಲೆ ಅಥವಾ ಕೆಳಗೆ ಇರಲಿ.

ಬಫರಿನ ಪಿಎಚ್ ಅನ್ನು ಬಳಸುವ ಉಷ್ಣತೆಯಲ್ಲೇ ಅಳೆಯಿರಿ: ಬಹುಬಳಕೆಯ ಟ್ರಿಸ್ ಬಫರಿನ ಪಿಎಚ್ ಉಷ್ಣತೆಯೊಂದಿಗೆ ಬದಲಾಗುತ್ತದೆ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ 8.0 ಇದ್ದದ್ದು 4 ಡಿಗ್ರಿಯ ಶೀತಕೋಣೆಯಲ್ಲಿ ಸುಮಾರು 8.6 ಆಗುತ್ತದೆ. ಸೋಡಿಯಂ ಫಾಸ್ಫೇಟ್ ಬಫರನ್ನು ಹೆಪ್ಪುಗಟ್ಟಿಸಿದರೆ ಒಂದು ಲವಣ ಮೊದಲು ಹರಳುಗಟ್ಟಿ, ಉಳಿದ ದ್ರಾವಣ ಆಮ್ಲೀಯವಾಗುತ್ತದೆ.

ಲವಣವನ್ನು ಪೂರ್ಣ ತೆಗೆಯದಿರಿ: ಮುಂದಿನ ಹಂತಕ್ಕೆ ಅನಿವಾರ್ಯವಲ್ಲದಿದ್ದರೆ 100ರಿಂದ 150 ಮಿಲಿಮೋಲಾರ್‌ನಷ್ಟು ಸೋಡಿಯಂ ಕ್ಲೋರೈಡ್ ಉಳಿದಿರಲಿ. ಶುದ್ಧ ನೀರಿಗೆ ಎದುರಾಗಿ ಡಯಾಲಿಸಿಸ್ ಮಾಡುವುದು ಗ್ಲೋಬ್ಯುಲಿನ್‌ಗಳ ಮಟ್ಟಿಗೆ ಗರಣೆಯನ್ನು ಆಹ್ವಾನಿಸಿದಂತೆ.

ಮೆಟ್ಟಿಲು ಮೆಟ್ಟಿಲಾಗಿ ಇಳಿಯಿರಿ: 2 ಮೋಲಾರ್ ಲವಣದಿಂದ ಒಮ್ಮೆಲೇ ಕೆಳಗೆ ಹಾರದೆ 1, 0.5, 0.15 ಮೋಲಾರ್ ಹೀಗೆ ಹಂತಹಂತವಾಗಿ ಬಫರನ್ನು ಬದಲಿಸುವುದು ಕ್ಷೇಮ. ಯಾವ ಹಂತದಲ್ಲಿ ಮಬ್ಬು ಕಾಣಿಸುತ್ತದೋ ಅದರ ಹಿಂದಿನ ಹಂತವೇ ಆ ಪ್ರೊಟೀನಿನ ಎಲ್ಲೆ.

ಲೆಕ್ಕ ಹಾಕಿ ಬದಲಿಸಿ: 10 ಮಿಲಿಲೀಟರ್ ದ್ರಾವಣವನ್ನು 1 ಲೀಟರ್ ಬಫರಿನಲ್ಲಿಟ್ಟರೆ, ಸಮತೋಲನ ಬಂದಾಗ ಬೇಡವಾದ ಲವಣ ಸುಮಾರು 100ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಹೊಸ ಬಫರಿಗೆ ಇನ್ನೊಮ್ಮೆ ಬದಲಿಸಿದರೆ 10,000ದಲ್ಲಿ ಒಂದು ಪಾಲು. ಒಂದೇ ಬಾರಿ ದೊಡ್ಡ ಪಾತ್ರೆ ಬಳಸುವುದಕ್ಕಿಂತ ಎರಡು ಮೂರು ಬಾರಿ ಬದಲಿಸುವುದೇ ಹೆಚ್ಚು ಫಲಕಾರಿ.

ಚೀಲ ತುಂಬಿಸಬೇಡಿ: ಸಲ್ಫೇಟ್ ತುಂಬಿದ ದ್ರಾವಣ ಹೊರಗಿನ ನೀರನ್ನು ಒಳಗೆಳೆದುಕೊಂಡು ಉಬ್ಬುತ್ತದೆ. ಚೀಲದ ಮೂರನೆಯ ಒಂದು ಭಾಗದಿಂದ ಅರ್ಧದವರೆಗೆ ಖಾಲಿ ಬಿಡದಿದ್ದರೆ ಅದು ಒಡೆಯುವ ಸಂಭವವುಂಟು.

ಪೊರೆಯ ರಂಧ್ರದ ಅಳತೆ ನೋಡಿಕೊಳ್ಳಿ: ಪ್ರೊಟೀನಿನ ಅಣುಭಾರದ ಅರ್ಧಕ್ಕಿಂತ ಕಡಿಮೆ ಮಿತಿಯ ಪೊರೆ ಸೂಕ್ತ. ಸುಮಾರು 5.8 ಕಿಲೋಡಾಲ್ಟನ್ ಭಾರದ ಇನ್ಸುಲಿನ್ ಅನ್ನು 12–14 ಕಿಲೋಡಾಲ್ಟನ್ ಮಿತಿಯ ಸಾಮಾನ್ಯ ಚೀಲದಲ್ಲಿಟ್ಟರೆ ಔಷಧ ಬಫರಿನ ಪಾಲಾಗುತ್ತದೆ.

ಆಸರೆ ಒದಗಿಸಿ: ಶೇಕಡ 5ರಿಂದ 10ರಷ್ಟು ಗ್ಲಿಸರಾಲ್ ಅಥವಾ ಸಕ್ಕರೆ ಪ್ರೊಟೀನಿನ ಆಕಾರವನ್ನು ಗಟ್ಟಿಗೊಳಿಸುತ್ತದೆ. ಸಿಸ್ಟೀನ್ ಇರುವ ಪ್ರೊಟೀನಿಗೆ 1 ಮಿಲಿಮೋಲಾರ್‌ನಷ್ಟು ಡಿಟಿಟಿ, ಲೋಹ ಬೇಕಾದ ಪ್ರೊಟೀನಿಗೆ ಆ ಲೋಹದ ಲವಣ, ಕೋಶಪೊರೆಯ ಪ್ರೊಟೀನಿಗೆ ಮೃದುವಾದ ಮಾರ್ಜಕ ಬಫರಿನಲ್ಲಿಯೂ ಇರಬೇಕು. ಚೀಲದೊಳಗೆ ಮಾತ್ರ ಸೇರಿಸಿದರೆ ಸಣ್ಣ ಅಣುಗಳು ಹೊರಗೆ ಸೋರಿಹೋಗುತ್ತವೆ.

ಭಟ್ಟಿ ಇಳಿಸಿದ ನೀರನ್ನೇ ಬಳಸಿ: ಚಿತ್ರದುರ್ಗ ಜಿಲ್ಲೆಯ ಹಲವೆಡೆ ಕೊಳವೆಬಾವಿಯ ನೀರು ಗಡಸು. ಅದರ ಕ್ಯಾಲ್ಸಿಯಂ ಫಾಸ್ಫೇಟ್ ಬಫರಿನೊಂದಿಗೆ ಸೇರಿದರೆ ಬಿಳಿಯ ಕ್ಯಾಲ್ಸಿಯಂ ಫಾಸ್ಫೇಟ್ ಉಂಟಾಗುತ್ತದೆ. ನೋಟಕ್ಕೆ ಅದು ಪ್ರೊಟೀನಿನ ಗಸಿಯಂತೆಯೇ ಇರುತ್ತದೆ. ಪ್ರೊಟೀನು ಹಾಕದ ಇನ್ನೊಂದು ಚೀಲವನ್ನು ಪಕ್ಕದಲ್ಲಿಟ್ಟು ನೋಡಿದರೆ ಈ ಗೊಂದಲ ಬಗೆಹರಿಯುತ್ತದೆ.

ಮೊದಲು ಚಿಕ್ಕ ಪರೀಕ್ಷೆ: ಇರುವುದನ್ನೆಲ್ಲ ಒಂದೇ ಚೀಲಕ್ಕೆ ಸುರಿಯುವ ಮುನ್ನ 100 ಮೈಕ್ರೋಲೀಟರ್‌ನಷ್ಟನ್ನು ನಾಲ್ಕಾರು ಬಫರುಗಳಲ್ಲಿ ಪರೀಕ್ಷಿಸಬೇಕು. 350 ನ್ಯಾನೋಮೀಟರ್ ತರಂಗಾಂತರದಲ್ಲಿ ಬೆಳಕು ಚದುರುವುದನ್ನು ಅಳೆದರೆ, ಕಣ್ಣಿಗೆ ಕಾಣುವ ಮೊದಲೇ ಮಬ್ಬಿನ ಸುಳಿವು ಸಿಗುತ್ತದೆ.

ಬಿಚ್ಚಿದ ಸರಪಣಿ ಮಡಚುವ ಕೆಲಸ

ಬ್ಯಾಕ್ಟೀರಿಯಾಗಳಲ್ಲಿ ಅನ್ಯ ಪ್ರೊಟೀನನ್ನು ಹೇರಳವಾಗಿ ಬೆಳೆಸಿದಾಗ ಅದು ಹಲವು ವೇಳೆ ಜೀವಕೋಶದೊಳಗೇ ಉಂಡೆಗಟ್ಟಿಬಿಡುತ್ತದೆ. ಅದನ್ನು 8 ಮೋಲಾರ್ ಯೂರಿಯಾ ಅಥವಾ 6 ಮೋಲಾರ್ ಗ್ವಾನಿಡೀನ್‌ನಲ್ಲಿ ಕರಗಿಸಿ, ಪೂರ್ತಿ ಬಿಚ್ಚಿ, ಡಯಾಲಿಸಿಸ್ ಮೂಲಕ ಯೂರಿಯಾ ತೆಗೆಯುತ್ತ ಮತ್ತೆ ಮಡಚಿಸುವುದು ರೂಢಿ. ಸರಪಣಿ ತಾನಾಗಿಯೇ ಸರಿಯಾದ ಆಕಾರಕ್ಕೆ ಮರಳಬಲ್ಲದು ಎಂಬುದನ್ನು ತೋರಿಸಿದ ಕ್ರಿಶ್ಚಿಯನ್ ಆನ್‌ಫಿನ್ಸನ್ 1972ರ ರಸಾಯನಶಾಸ್ತ್ರ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಪಡೆದರು.

ಗರಣೆಯ ಭಯ ಅತಿ ಹೆಚ್ಚಿರುವುದು ಈ ಹಂತದಲ್ಲೇ. ಅರ್ಧ ಮಡಚಿದ ಸ್ಥಿತಿಯಲ್ಲಿ ನೀರೊಲ್ಲದ ಭಾಗಗಳು ಹೊರಗೆ ತೆರೆದುಕೊಂಡಿರುತ್ತವೆ. ಪಕ್ಕದಲ್ಲಿ ಅಂತಹದೇ ಇನ್ನೊಂದು ಅಣು ಸಿಕ್ಕರೆ ತಕ್ಷಣ ಅಂಟಿಕೊಳ್ಳುತ್ತವೆ. ಆದ್ದರಿಂದ ಪ್ರೊಟೀನಿನ ಸಾಂದ್ರತೆಯನ್ನು ತೀರಾ ತಗ್ಗಿಸುವುದು, ಯೂರಿಯಾವನ್ನು 8, 6, 4, 2, 1 ಮೋಲಾರ್ ಹೀಗೆ ಹಂತಹಂತವಾಗಿ ಇಳಿಸುವುದು, ಬಫರಿಗೆ 0.4ರಿಂದ 1 ಮೋಲಾರ್‌ವರೆಗೆ ಆರ್ಜಿನೀನ್ ಬೆರೆಸುವುದು ಪ್ರಚಲಿತ ಉಪಾಯಗಳು. ಪ್ರೊಟೀನು ಮತ್ತು ಅದರ ಸುತ್ತಲಿನ ದ್ರಾವಕದ ನಂಟನ್ನು ಕುರಿತ ಮೂಲಭೂತ ಸಂಶೋಧನೆಯಲ್ಲಿ ಅಮೆರಿಕದ ಸರ್ಜ್ ತಿಮಾಶೆಫ್ ಅವರ ಹೆಸರು ದೊಡ್ಡದು. ಮುಂದೆ ಸಿಎಫ್‌ಟಿಆರ್‌ಐ ನಿರ್ದೇಶಕರಾದ ವಿ. ಪ್ರಕಾಶ್ ಅವರು 8 ಮೋಲಾರ್ ಯೂರಿಯಾದಲ್ಲಿ ಪ್ರೊಟೀನುಗಳ ವರ್ತನೆಯನ್ನು ಕುರಿತು ತಿಮಾಶೆಫ್ ತಂಡದೊಂದಿಗೆ 1981ರಲ್ಲಿ ಪ್ರಬಂಧ ಪ್ರಕಟಿಸಿದ್ದರು.

ಗಸಿ ಕಂಡುಬಂದರೆ?

ಚೀಲದಲ್ಲಿ ಗಸಿ ಕಂಡೊಡನೆ ಎಲ್ಲವನ್ನೂ ಚೆಲ್ಲುವುದು ತರವಲ್ಲ. ಮೊದಲು ಸೆಂಟ್ರಿಫ್ಯೂಜ್ ಮಾಡಿ ತಿಳಿ ಮತ್ತು ಗಸಿಗಳನ್ನು ಬೇರ್ಪಡಿಸಬೇಕು. ತಿಳಿಯಲ್ಲಿ ಎಷ್ಟು ಪ್ರೊಟೀನು ಉಳಿದಿದೆ ಎಂದು ಅಳೆಯಬೇಕು. ಎರಡನ್ನೂ ಜೆಲ್ ಪರೀಕ್ಷೆಗೆ ಒಡ್ಡಬೇಕು. ಕೆಲವೊಮ್ಮೆ ಕೆಳಗಿಳಿದದ್ದು ಬೇಡವಾದ ಪ್ರೊಟೀನೇ ಆಗಿದ್ದು, ಬೇಕಾದದ್ದು ತಿಳಿಯಲ್ಲಿ ಮೊದಲಿಗಿಂತ ಶುದ್ಧವಾಗಿ ಉಳಿದಿರುವುದುಂಟು. ಗಸಿಯಲ್ಲೇ ಬೇಕಾದ ಪ್ರೊಟೀನಿದ್ದರೆ ಡಯಾಲಿಸಿಸ್‌ಗೆ ಮುಂಚಿನ ಬಫರಿನಲ್ಲಿ ಕರಗಿಸಿ ನೋಡಬೇಕು. ಕರಗಿದರೆ ಆಕಾರ ಬಹುಶಃ ಉಳಿದಿದೆ ಎಂದರ್ಥ. ಆದರೂ ಅದರ ಕ್ರಿಯಾಶಕ್ತಿಯನ್ನು ಪರೀಕ್ಷಿಸದೆ ಮುಂದುವರಿಯಬಾರದು.

ಡಯಾಲಿಸಿಸ್ ಒಂದೇ ದಾರಿಯೂ ಅಲ್ಲ. ಸೆಫಾಡೆಕ್ಸ್‌ನಂತಹ ಜೆಲ್ ತುಂಬಿದ ಕಾಲಮ್ ಮೂಲಕ ಹರಿಸಿದರೆ ನಿಮಿಷಗಳಲ್ಲಿ ಲವಣ ಬೇರೆಯಾಗುತ್ತದೆ. ಅಸ್ಥಿರ ಪ್ರೊಟೀನುಗಳಿಗೆ ಈ ವೇಗ ಅನುಕೂಲ. ಒತ್ತಡದಿಂದ ಪೊರೆಯ ಮೂಲಕ ಶೋಧಿಸುವ ಅಲ್ಟ್ರಾಫಿಲ್ಟ್ರೇಷನ್ ವಿಧಾನವೂ ಇದೆ. ಅದರಲ್ಲಿ ಪೊರೆಯ ಬಳಿ ಪ್ರೊಟೀನು ದಟ್ಟೈಸುವುದರಿಂದ ನಡುನಡುವೆ ಮೆಲ್ಲಗೆ ಕಲಕಬೇಕಾಗುತ್ತದೆ.

ಇನ್ಸುಲಿನ್ ಶೀಶೆಯೊಳಗೆ

ಈ ರಸಾಯನಶಾಸ್ತ್ರ ಜನಸಾಮಾನ್ಯರ ಮನೆ ಮುಟ್ಟುವುದು ಇನ್ಸುಲಿನ್ ಮೂಲಕ. ಬೆಂಗಳೂರಿನ ಬಯೋಕಾನ್ ಕಂಪನಿ 2004ರಲ್ಲಿ, ಯೀಸ್ಟ್‌ನಲ್ಲಿ ಬೆಳೆಸಿದ ಮಾನವ ಇನ್ಸುಲಿನ್ ಅನ್ನು ಮಾರುಕಟ್ಟೆಗೆ ತಂದಿತು. ಇನ್ಸುಲಿನ್‌ನ ಸಮವಿದ್ಯುತ್ ಬಿಂದು ಸುಮಾರು 5.3. ಶುದ್ಧೀಕರಣದ ಯಾವ ಹಂತದಲ್ಲಾದರೂ ಪಿಎಚ್ ಅಲ್ಲಿಗೆ ಬಂದು ನಿಂತರೆ ಅದು ಕೆಳಗಿಳಿಯುತ್ತದೆ.

ಈ ದೋಷವನ್ನೇ ವಿಜ್ಞಾನಿಗಳು ಗುಣವಾಗಿ ಪರಿವರ್ತಿಸಿದ್ದಾರೆ. ಗ್ಲಾರ್ಜಿನ್ ಎಂಬ ದೀರ್ಘಾವಧಿ ಇನ್ಸುಲಿನ್‌ನಲ್ಲಿ ಅಮೈನೋ ಆಮ್ಲಗಳನ್ನು ಬದಲಿಸಿ ಆ ಬಿಂದುವನ್ನು ಸುಮಾರು 6.7ಕ್ಕೆ ಏರಿಸಲಾಗಿದೆ. ಶೀಶೆಯೊಳಗೆ ಪಿಎಚ್ 4 ಇರುವುದರಿಂದ ಅದು ತಿಳಿಯಾಗಿರುತ್ತದೆ. ಚರ್ಮದಡಿ ಸೇರಿದಾಗ ದೇಹದ 7.4ರ ಪಿಎಚ್ ತಗುಲಿ ಸೂಕ್ಷ್ಮ ಗರಣೆಯಾಗಿ ನಿಂತು, ದಿನವಿಡೀ ನಿಧಾನವಾಗಿ ಕರಗುತ್ತದೆ. ಬಯೋಕಾನ್ 2009ರಲ್ಲಿ ಭಾರತದಲ್ಲಿ ಗ್ಲಾರ್ಜಿನ್ ಬಿಡುಗಡೆ ಮಾಡಿತು. ಕಂಪನಿಯ ಪಾಲುದಾರಿಕೆಯಲ್ಲಿ ತಯಾರಾದ ಗ್ಲಾರ್ಜಿನ್ ಅನ್ನು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2021ರ ಜುಲೈನಲ್ಲಿ ಮೂಲ ಔಷಧಕ್ಕೆ ಬದಲಿಯಾಗಿ ಬಳಸಬಹುದಾದ ಮೊದಲ ಇನ್ಸುಲಿನ್ ಎಂದು ಮಾನ್ಯ ಮಾಡಿತು.

ಇದರಿಂದ ಬಳಕೆದಾರರು ತಿಳಿಯಬೇಕಾದ ಅಂಶಗಳಿವೆ. ಗ್ಲಾರ್ಜಿನ್ ಅನ್ನು ಒಂದೇ ಸಿರಿಂಜಿನಲ್ಲಿ ಬೇರೆ ಇನ್ಸುಲಿನ್ ಜೊತೆ ಬೆರೆಸಬಾರದು. ಪಿಎಚ್ ಬದಲಾಗಿ ಸಿರಿಂಜಿನೊಳಗೇ ಅದು ಗರಣೆಗಟ್ಟಬಹುದು. ತಿಳಿಯಾಗಿರಬೇಕಾದ ಇನ್ಸುಲಿನ್ ಮಬ್ಬಾಗಿದ್ದರೆ ಅಥವಾ ಎಳೆಗಳು ತೇಲುತ್ತಿದ್ದರೆ ಬಳಸಬಾರದು. ಎನ್‌ಪಿಎಚ್ ಮತ್ತು ಅದು ಬೆರೆತಿರುವ ಮಿಶ್ರ ಇನ್ಸುಲಿನ್‌ಗಳು ಮಾತ್ರ ಸಹಜವಾಗಿಯೇ ಹಾಲಿನಂತೆ ಮಬ್ಬಾಗಿರುತ್ತವೆ. ಅವುಗಳನ್ನು ಅಂಗೈಗಳ ನಡುವೆ ಮೆಲ್ಲಗೆ ಉರುಳಿಸಬೇಕು, ಜೋರಾಗಿ ಕುಲುಕಬಾರದು. ತೆರೆಯದ ಶೀಶೆಗಳನ್ನು 2ರಿಂದ 8 ಡಿಗ್ರಿಯಲ್ಲಿ ಇಡಬೇಕು. ಫ್ರೀಜರಿನಲ್ಲಾಗಲಿ, ಅದಕ್ಕೆ ತಾಗಿಕೊಂಡಾಗಲಿ ಇಡಬಾರದು. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೆ ತಿಳಿಯಾಗಿ ಕಂಡರೂ ಎಸೆಯತಕ್ಕದ್ದು. ಬಯಲುಸೀಮೆಯ ಬೇಸಿಗೆಯಲ್ಲಿ ನಿಲ್ಲಿಸಿದ ವಾಹನದೊಳಗೆ, ಕಿಟಕಿಯ ಬಿಸಿಲಿನಲ್ಲಿ ಶೀಶೆ ಬಿಡುವುದು ಅಷ್ಟೇ ಅಪಾಯಕಾರಿ. ಸಂಶಯವಿದ್ದಲ್ಲಿ ವೈದ್ಯರನ್ನೋ ಔಷಧ ಅಂಗಡಿಯವರನ್ನೋ ವಿಚಾರಿಸುವುದು ಸೂಕ್ತ.

ನಿಧಾನವೇ ಪ್ರಧಾನ

ಪ್ರೊಟೀನು ಗರಣೆಗಟ್ಟಲು ಪಿಎಚ್, ಲವಣ, ಸಾಂದ್ರತೆ, ಉಷ್ಣತೆ, ಆಧಾರದ ಅಣುಗಳು, ಗಾಳಿ ಎಂಬ ಆರು ಕಾರಣಗಳನ್ನು ಮೊದಲು ಪರಿಶೀಲಿಸಬೇಕು. ಒಮ್ಮೆಗೆ ಒಂದನ್ನು ಮಾತ್ರ ಬದಲಿಸಿ ನೋಡಿ, ಫಲಿತಾಂಶವನ್ನು ಪುಸ್ತಕದಲ್ಲಿ ಬರೆದಿಟ್ಟುಕೊಂಡರೆ ಕಾರಣ ಹೆಚ್ಚುಕಾಲ ಅಡಗಿರಲಾರದು. ಎಲ್ಲವನ್ನೂ ಒಟ್ಟಿಗೆ ಬದಲಿಸಿದವರಿಗೆ ಗಸಿ ಹೋದರೂ ಅದೇಕೆ ಹೋಯಿತೆಂದು ತಿಳಿಯದು. ಮುಂದಿನ ಬಾರಿ ಅದು ಮರಳಿ ಬಂದಾಗ ಅವರ ಕೈಯಲ್ಲಿ ಉಪಾಯವೂ ಇರದು.